ಭಂಡಿಗಡಿಯ ದಣಪೆ ದಾಟಿ ಶೃಂಗೇರಿಗೆ

ನರಸಿಂಹರಾಜಪುರದ ಬಸ್ಸಿನಿಂದ ನಾನೂ ಸರೋಜಕ್ಕನೂ ಕೊಪ್ಪದಲ್ಲಿ ಇಳಿದಾಗ ಇಬ್ಬನಿ ಇನ್ನೂ ಆರಿರಲಿಲ್ಲ. ಜನವರಿ ತಿಂಗಳು. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತ್ತು, ಹೋಟೆಲಿನಲ್ಲಿ ಇಡ್ಲಿ ಬಿಸಿಯಾಗಿತ್ತು. ಹೊರಟ ಗಳಿಗೆ ಒಳ್ಳೆಯದೇ ಅಂದುಕೊಂಡೆ.

ಸರೋಜಕ್ಕ ನಮ್ಮ ಪಕ್ಕದ ಮನೆಯವರು. ತವರು ಭಂಡಿಗಡಿ. ಪ್ರತಿ ವರ್ಷ ಅಲ್ಲಿಂದ ಶೃಂಗೇರಿಯ ಶಾರದಮ್ಮನ ಸನ್ನಿಧಿಗೆ ನಡೆದೇ ಹೋಗುತ್ತಾರೆ. ಹಳೆಯ ಕಾಲುದಾರಿಗೆ ಬೇಲಿ ಬಿದ್ದ ಮೇಲೆ ಟಾರು ರಸ್ತೆಯೇ ಗತಿಯಾಗಿತ್ತು. ಹೋದ ವರ್ಷ ಜೀಪೊಂದು ಅವರ ಸೆರಗು ಸವರಿಕೊಂಡು ಹೋಯಿತು. ಮೊಣಕೈ ತರಚಿದ್ದು ಬಿಟ್ಟರೆ ಅಮ್ಮ ಕಾಪಾಡಿದಳು. ಆದರೆ ಅವರ ಯಜಮಾನರು, ರಸ್ತೆಯಲ್ಲಿ ನಡೆಯುವುದು ಇನ್ನು ಬೇಡವೇ ಬೇಡ ಎಂದುಬಿಟ್ಟರು.

ಅಷ್ಟರಲ್ಲಿ ಹೊಸ ಯೋಜನೆಯೊಂದರ ಸುದ್ದಿ ಬಂತು. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಮೂರೂ ತಾಲ್ಲೂಕಿನ ಹಳೆಯ ಕಾಲುದಾರಿಗಳನ್ನು ಕೂಡಿಸಿ, ನಡೆಯುವವರಿಗೆಂದೇ ನೆರಳಿನ ದಾರಿ ಮಾಡುತ್ತಾರಂತೆ. ಜಮೀನಿನವರು ಒಪ್ಪದ ಕಡೆ ನಕ್ಷೆಯ ಗೆರೆ ಟಾರು ರಸ್ತೆಗೇ ಇಳಿಯುತ್ತದಂತೆ. ಆ ಯೋಜನೆಯ ಅಳತೆಗೆ ಬಂದ ಮೇಡಂ ಜೊತೆಗೆ ದಾರಿ ತೋರಿಸಲು ಸರೋಜಕ್ಕ ಹೊರಟಿದ್ದರು, ಅವರ ಜೊತೆಗೆ ನಾನು.

ಮೇಡಂ ಭಂಡಿಗಡಿಯಲ್ಲಿ ನಮ್ಮನ್ನು ಕೂಡಿಕೊಂಡರು. ಅಲ್ಲಿಂದ ಸ್ವಲ್ಪ ನಡೆದರೆ ಪುಟ್ಟಯ್ಯಗೌಡರ ಗದ್ದೆ. ಅಲ್ಲೊಂದು ದಣಪೆ: ಎರಡು ಕಂಬ, ತೂತುಗಳಲ್ಲಿ ಅಡ್ಡಕ್ಕೆ ಮೂರು ಬಿದಿರಿನ ಗಳ, ಸರಿಸಿದರೆ ದಾರಿ. ಅದರ ಮೇಲೆ ಮುಳ್ಳುತಂತಿ ಸುತ್ತಿತ್ತು.

"ದಾರಿ ಬಿಡೋ ಮಾತೇ ಇಲ್ಲ," ಎಂದರು ಗೌಡರು. "ಫೋಟೋ ತೆಗಿಯಕ್ಕೆ ಬಂದವ್ರು ಗಳ ತೆಗೆದ್ರು, ಹಾಗೇ ಹೋದ್ರು. ದನ ನುಗ್ಗಿ ಸಸಿಮಡಿ ಪೂರಾ ನೆಲಸಮ. ನಾನೇನು ದಿನಾ ಕಾಯ್ತಾ ಕೂರಲಾ?"

"ಒಂದ್ಸಲ ಅಳತೆ ಮಾಡ್ಕಂಡು ಹೋಗ್ಲಿ ಬಿಡ್ರಿ, ದೇವರ ದಾರಿ," ಎಂದರು ಅವರ ಹೆಂಡತಿ.

ಗೌಡರು ಗೊಣಗುತ್ತಲೇ ತಂತಿ ಬಿಚ್ಚಿ ಗಳ ಸರಿಸಿದರು. ನಾನು ದಾಟಿದೆ. ಸರೋಜಕ್ಕ ದಾಟಿದರು, ತಿರುಗಿದರು, ಒಂದೊಂದೇ ಗಳ ತಳ್ಳಿ ದಣಪೆ ಮುಚ್ಚಿದರು. ಕಂಬದ ಅಗಲ ಅಳೆಯುತ್ತಿದ್ದ ಮೇಡಂ ಟೇಪು ಹಿಡಿದುಕೊಂಡು ಆಚೆಯೇ ಉಳಿದರು.

"ಅಕ್ಕಾ, ನಾನಿನ್ನೂ ಇಲ್ಲೇ ಇದೀನಿ!"

"ಅಯ್ಯೋ ನನ್ನ ಕೈಗಿಷ್ಟು! ಚಿಕ್ಕಂದಿನಿಂದ ಅಭ್ಯಾಸ ಕಣಮ್ಮಾ, ದಾಟಿದ್ರೆ ಮುಚ್ಚೋದೇ."

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಭೇಷ್ ಸರೋಜಾ! ದನ ಆಚೇಲೇ ಉಳೀತು."

"ಓದಿದ ಹುಡುಗೀನ ದನ ಅಂತೀರಲ್ಲ, ನಾಚಿಕೆ ಬೇಡ್ವಾ?" ಹೆಂಡತಿ ಗದರಿದರೂ ಅವರಿಗೂ ನಗು ತಡೆಯಲಿಲ್ಲ.

ನಗು ನಿಂತ ಮೇಲೆ ಗೌಡರು ತಾವೇ ಗಳ ಸರಿಸಿ ಮೇಡಂ ಅವರನ್ನು ಒಳಗೆ ಬಿಟ್ಟು, ಸರೋಜಕ್ಕ ಮುಚ್ಚಿದ ಹಾಗೆಯೇ ಮತ್ತೆ ಮುಚ್ಚಿದರು. ಒಳಗೆ ಬಂದ ಮೇಡಂ, ಇಲ್ಲಿ ಕಬ್ಬಿಣದ ಗೇಟು ಹಾಕಿಸಬಹುದು ಎಂದರು.

"ಗೇಟು ಎಂತಕ್ಕೆ?" ಎಂದರು ಗೌಡರು. "ಯಾರೋ ಬೀಗ ಹಾಕ್ತಾರೆ, ಕೀಲಿ ಕಳ್ಕೊಳ್ತಾರೆ. ದಣಪೆ ಇರ್ಲಿ. ದಾಟಿದವ್ರು ಗಳ ಹಾಕ್ಬೇಕು ಅಂತ ದಪ್ಪಕ್ಷರದಲ್ಲಿ ಬೋರ್ಡ್ ಹಾಕ್ಸಿ. ಒಂದು ವರ್ಷ ನೋಡ್ತೀನಿ. ಮತ್ತೆ ದನ ನುಗ್ಗಿದ್ರೆ ತಂತಿ ಸುತ್ತೋನೇ."

ಅಲ್ಲೇ ಬದುವಿನ ಮೇಲೆ ಕೂತು ಮೇಡಂ ನಕ್ಷೆಯಲ್ಲಿ ದಣಪೆಯ ಮೂಲಕವೇ ಪೆನ್ಸಿಲಿನಿಂದ ಗೆರೆ ಎಳೆದರು. ಗೌಡತಿ ಮಜ್ಜಿಗೆ ತಂದುಕೊಟ್ಟರು.

ಅಲ್ಲಿಂದ ಮುಂದೆ ಕಾಡಿನ ನೆರಳು. ರಕ್ತ ಹೀರುವ ಇಂಬಳದ ಕಾಲವಲ್ಲ, ಅದೂ ಒಂದು ಪುಣ್ಯ. ಹಳ್ಳ ಸಿಕ್ಕಲ್ಲೆಲ್ಲ ಕಾಲು ಇಳಿಬಿಟ್ಟು ಕೂತೆವು. ಕೂತ ಕಡೆಗಳನ್ನು ಮೇಡಂ ನಕ್ಷೆಯಲ್ಲಿ ಗುರುತು ಮಾಡಿಕೊಂಡರು. ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಸರೋಜಕ್ಕ ಮಾತ್ರ ತವರಿಗೆ ಬಂದ ಹುಡುಗಿಯ ಹಾಗೆ ಮುಂದೆ ಮುಂದೆ ಹೋಗುತ್ತಿದ್ದರು.

ಶೃಂಗೇರಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಮ್ಮನ ಮುಂದೆ ಅವರು ಬಹಳ ಹೊತ್ತು ಕೈಮುಗಿದು ನಿಂತರು. ರಾತ್ರಿ ಊಟದ ಪಂಕ್ತಿಗೆ ಕಾಯುವಾಗ, "ಅಷ್ಟು ಹೊತ್ತು ಎಂತ ಬೇಡಿಕೊಂಡ್ರಿ?" ಎಂದು ಕೇಳಿದೆ.

"ಬೇಡೋದೇ ಮರೆತು ಹೋಯ್ತು ಮಾರಾಯ್ತಿ," ಎಂದರು. "ಮುಂದಿನ ವರ್ಷಾನೂ ನಡ್ಕಂಡೇ ಬರ್ತೀನಿ ಅಂತ ಹೇಳಿ ಬಂದೆ."