ನೋಡದೆ ಬರೆದ ಮೊದಲನೆಯ ನರ

ಕೊರೊನಾ ಕಾಟ ಕಡಿಮೆಯಾಗಿ ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ಕಾಲವದು. ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಹಿರಿಯ ಫಿಸಿಶಿಯನ್ ಆಗಿದ್ದೆ. ಹುಟ್ಟಿದ್ದು ಸಿರುಗುಪ್ಪದಲ್ಲಿ, ಮೊದಲ ನೌಕರಿಯೂ ಅಲ್ಲೇ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನರ್ಸ್‌ಗಳು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು, ಅದು ಸುಳ್ಳೇನಲ್ಲ.

ಒಂದು ಸೋಮವಾರ ಓಪಿಡಿಯಲ್ಲಿ ಸಾಲು ತಪ್ಪಿಸಿ ಒಬ್ಬ ಹೆಣ್ಣುಮಗಳು ನೇರ ಒಳಗೆ ಬಂದಳು. ವಯಸ್ಸು ನಲವತ್ತರ ಆಸುಪಾಸು. ಕೈಯಲ್ಲಿದ್ದ ಡಿಸ್ಚಾರ್ಜ್ ಕಾರ್ಡನ್ನು ನನ್ನ ಮೇಜಿನ ಮೇಲೆ ಬಡಿದಳು.

"ಇದನ್ನ ಬರ್ದಾರು ಯಾರ್ರಿ?"

ನೋಡಿದೆ. ನನ್ನದೇ ಅಕ್ಷರ, ನನ್ನದೇ ಸಹಿ. "ನಾನೇ. ಯಾಕ?" ಎಂದೆ.

"ನಿಮ್ಮ ಈ ಕಾಗದ ನನ್ನ ಸುಳ್ಳಿ ಮಾಡೈತ್ರಿ ಡಾಕ್ಟ್ರಮ್ಮಾ."

ಹೆಸರು ಹುಲಿಗೆಮ್ಮ. ಕುರುಗೋಡು ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಎರಡು ತಿಂಗಳ ಹಿಂದೆ ತಮ್ಮನ ಬೈಕಿನ ಹಿಂದೆ ಕೂತು ಹೋಗುವಾಗ ರೋಡ್ ಹಂಪ್ಸ್ ಮೇಲೆ ಬೈಕು ಎಗರಿ ಹಿಂದಕ್ಕೆ ಬಿದ್ದಿದ್ದಳು. ತಲೆಯ ಹಿಂಭಾಗಕ್ಕೆ ಪೆಟ್ಟು. ನಮ್ಮಲ್ಲೇ ಸಿ.ಟಿ. ಸ್ಕ್ಯಾನ್ ಆಗಿತ್ತು, ರಕ್ತಸ್ರಾವ ಇರಲಿಲ್ಲ. ಒಂದು ದಿನ ಇಟ್ಟುಕೊಂಡು ಕಳುಹಿಸಿದ್ದೆವು.

ಮತ್ತೆ ಕೆಲಸಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ಅಡುಗೆ ಕೋಣೆಯಲ್ಲಿ ಸಿಲಿಂಡರ್ ಪೈಪು ಸಡಿಲಾಗಿ ಗ್ಯಾಸ್ ಸೋರಿದೆ. ಈಕೆ ಬೆಂಕಿಪೊಟ್ಟಣ ಹಿಡಿದು ಒಲೆ ಹಚ್ಚಲು ನಿಂತಿದ್ದಾಳೆ. ಜಗಲಿಯವರೆಗೆ ನಾತ ಹೊಡೆದು ಹೆಡ್‌ಮಾಸ್ತರು ಓಡಿಬಂದು ಪೊಟ್ಟಣ ಕಿತ್ತುಕೊಂಡರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. "ನಂಗ ವಾಸನಿನೇ ಬರಲಿಲ್ರಿ" ಎಂದಳಂತೆ. ಯಾರೂ ನಂಬಲಿಲ್ಲ. "ಕೊರೊನಾ ಹೋಗಿ ಎಷ್ಟ್ ದಿನ ಆತು, ಇನ್ನೂ ಅದೇ ನೆಪ" ಎಂದು ನಕ್ಕರು.

ವಿಚಾರಣೆಗೆ ಬಂದ ಶಿಕ್ಷಣ ಇಲಾಖೆಯ ಅಧಿಕಾರಿ ಬುದ್ಧಿವಂತ. ಕಾದ ಬಾಣಲೆಗೆ ನಾಲ್ಕು ಒಣಮೆಣಸಿನಕಾಯಿ ಹಾಕಿಸಿ ಆಕೆಯನ್ನು ಎದುರಿಗೆ ನಿಲ್ಲಿಸಿದರು. ಆಕೆ ಕೆಮ್ಮಿದಳು, ಸೀನಿದಳು, ಕಣ್ಣಲ್ಲಿ ನೀರು. "ನೋಡ್ರಿ, ಮೂಗು ಹೆಂಗ ಚಲೋ ಕೆಲಸ ಮಾಡಾಕತ್ತೈತಿ!" ಎಂದರು. ಮೇಲಿಂದ ನನ್ನ ಕಾರ್ಡು. ಅದರಲ್ಲಿ ಇತ್ತಲ್ಲ, 'ಕ್ರೇನಿಯಲ್ ನರ್ವ್ಸ್ ನಾರ್ಮಲ್'. ಮಕ್ಕಳ ಜೀವಕ್ಕೆ ಕುತ್ತು ತಂದು ಸುಳ್ಳು ಹೇಳಿದಳೆಂದು ವರದಿಯಾಯಿತು, ಕೆಲಸದಿಂದ ನಿಲ್ಲಿಸಿದರು.

"ಕೆಲ್ಸ ಕೊಡ್ರಿ, ಬಿಡ್ರಿ," ಎಂದಳು ಹುಲಿಗೆಮ್ಮ. "ಆ ಹುಡುಗ್ರೊಳಗ ನನ್ನ ಮಗಳೂ ಅದಾಳ. ಬೇಕಂತ ಬೆಂಕಿ ಹಚ್ಚಾಕಿ ಏನ್ರಿ ನಾನು? ಸುಳ್ಳಿ ಅಂಬೋದು ಅಳಿಸಬೇಕ್ರಿ, ಅಷ್ಟೇ."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮಿದುಳಿನಿಂದ ನೇರವಾಗಿ ತಲೆ, ಮುಖ, ಕತ್ತಿನ ಕಡೆ ಹೊರಡುವ ನರಗಳು ಹನ್ನೆರಡು ಜೊತೆ. ಇವೇ ಕ್ರೇನಿಯಲ್ ನರ್ವ್ಸ್. ಕಣ್ಣಿಗೆ ಟಾರ್ಚ್ ಬಿಟ್ಟರೆ ಎರಡನೆಯದು, ಮೂರನೆಯದು ಗೊತ್ತಾಗುತ್ತವೆ. ಹಲ್ಲು ಕಿರಿಯಿರಿ ಎಂದರೆ ಏಳನೆಯದು, ನಾಲಿಗೆ ಚಾಚಿರಿ ಎಂದರೆ ಹನ್ನೆರಡನೆಯದು. ಮೊದಲನೆಯದು ಮಾತ್ರ ವಾಸನೆಯ ನರ. ಅದನ್ನು ನೋಡಬೇಕಾದರೆ ಮೂಗಿಗೆ ಏನಾದರೂ ಹಿಡಿಯಬೇಕು. ನಮ್ಮ ಕೋಟಿನ ಜೇಬಿನಲ್ಲಿ ಟಾರ್ಚ್ ಇರುತ್ತದೆ, ಇಂಗು ಇರುವುದಿಲ್ಲ. ಹಾಗಾಗಿ ಹನ್ನೊಂದು ನೋಡಿ ಹನ್ನೆರಡೂ ನಾರ್ಮಲ್ ಎಂದು ಬರೆದುಬಿಡುತ್ತೇವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮದು. ನಾನೂ ಹಾಗೇ ಬರೆದಿದ್ದೆ.

ವಾಸನೆಯ ನರದ ಎಳೆಗಳು ಮೂಗಿನ ಮೇಲಿನ ಜರಡಿಯಂಥ ಮೂಳೆಯ ತೂತುಗಳಿಂದ ಮೇಲೇರಿ ಮಿದುಳು ಸೇರುತ್ತವೆ. ತಲೆಯ ಹಿಂದೆ ಪೆಟ್ಟು ಬಿದ್ದು ಮಿದುಳು ಜಗ್ಗಿದರೆ ಆ ಎಳೆಗಳು ಅಲ್ಲೇ ಹರಿಯಬಹುದು. ಸ್ಕ್ಯಾನಿನಲ್ಲಿ ಅದು ಕಾಣಲೇಬೇಕೆಂದಿಲ್ಲ. ಹುಲಿಗೆಮ್ಮನ ಕಣ್ಣು ಮುಚ್ಚಿಸಿ ಒಂದೊಂದೇ ಹೊಳ್ಳೆಗೆ ಕಾಫಿಪುಡಿ ಹಿಡಿದೆ, ಲವಂಗ ಹಿಡಿದೆ, ಕ್ಯಾಂಟೀನಿನಿಂದ ಇಂಗು ತರಿಸಿ ಹಿಡಿದೆ. ಇಡೀ ಕೋಣೆ ಇಂಗು ಇಂಗು. ಆಕೆ "ಇನ್ನಾ ಹಿಡೀಲಿಲ್ಲೇನ್ರಿ?" ಎಂದು ಕೇಳಿದಳು. ನಾನು ಇಂಗು ಕೆಳಗಿಟ್ಟೆ.

"ಮೊದ್ಲೇ ಯಾಕ ಹೇಳ್ಲಿಲ್ಲವ್ವಾ?"

"ಬಾಯಿ ರುಚಿ ಕೆಟ್ಟಿತ್ರಿ. ನಿಮ್ಮ ಗುಳಿಗಿ ಕಾವು, ಹೋಗ್ತೈತಿ ಅಂದ್ಕಂಡಿದ್ದೆ."

ಮರುವಿಚಾರಣೆ ಬೇಕೆಂದು ಪತ್ರ ಬರೆದೆ. ನಮ್ಮ ಸೂಪರಿಂಟೆಂಡೆಂಟರು ಕರೆದು, "ಮೇಡಂ, ನಿಮ್ಮ ಬರಹದ ವಿರುದ್ಧ ನೀವೇ ಸಾಕ್ಷಿ ಹೇಳ್ತೀರಾ? ನಾಳೆ ನಿಮ್ಮ ಮೇಲೇ ಕೇಸ್ ಬಿದ್ರೆ?" ಎಂದರು. ಒಳ್ಳೆಯವರೇ, ನನ್ನ ಹಿತಕ್ಕೇ ಹೇಳಿದರು. "ಬೀಳ್ಲಿ ಬಿಡ್ರಿ ಸಾರ್" ಎಂದೆ. ಹೆದರಿಕೆ ಇರಲಿಲ್ಲವೆಂದಲ್ಲ. ಆ ಕಾರ್ಡು ಮೇಜಿನ ಮೇಲೆ ಬಡಿದ ಸದ್ದು ಕಿವಿಯಲ್ಲಿತ್ತು.

ಮರುವಿಚಾರಣೆ ಕುರುಗೋಡಿನಲ್ಲೇ, ಅದೇ ಅಧಿಕಾರಿಯ ಕಚೇರಿಯಲ್ಲಿ ನಡೆಯಿತು. ಮೊದಲು ಕಾರ್ಡು ತೋರಿಸಿ ಹೇಳಿದೆ: "ಈ ಸಾಲು ತಪ್ಪು. ಮೊದಲನೆಯ ನರ ನಾನು ನೋಡಿರಲಿಲ್ಲ. ನೋಡದೆ ಬರೆದೆ." ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹಂಗಾರ ಮೆಣಸಿನಕಾಯಿಗೆ ಕೆಮ್ಮಿದ್ದು?"

"ಅದು ವಾಸನೆ ಅಲ್ರೀ, ಘಾಟು. ಘಾಟು ತಿಳಿಸೋದು ಐದನೆಯ ನರ. ಮುಖಕ್ಕೆ ಚುಚ್ಚಿದ್ದು, ಮೂಗಿನೊಳಗೆ ಉರಿದಿದ್ದು ಗೊತ್ತಾಗೋದು ಅದರಿಂದ. ಅದು ಈಕೆಗೆ ಚೆನ್ನಾಗೈತಿ."

"ನಾಟಕ ಅಲ್ಲಂತ ಹೆಂಗ ನಂಬೋದ್ರಿ?"

ಅದಕ್ಕೂ ತಯಾರಾಗಿಯೇ ಹೋಗಿದ್ದೆ. ಏನು ಹಿಡಿಯುತ್ತೇನೆಂದು ಯಾರಿಗೂ ಹೇಳದೆ ಹುಲಿಗೆಮ್ಮನ ಕಣ್ಣಿಗೆ ಬಟ್ಟೆ ಕಟ್ಟಿದೆ. ಕಾಫಿಪುಡಿಗೆ ಇಲ್ಲ ಎಂದಳು, ಇಂಗಿಗೂ ಇಲ್ಲ. ಆಮೇಲೆ ಅಮೋನಿಯ ಸೀಸೆಯ ಬಿರಡೆ ತೆಗೆದೆ. "ಯಪ್ಪಾ! ಉರೀತೈತ್ರಿ, ತೆಗೀರಿ!" ಎಂದು ತಲೆ ಹಿಂದಕ್ಕೆ ಎಳೆದುಕೊಂಡಳು.

"ವಾಸನೆ ಇಲ್ಲವೆಂದು ನಾಟಕ ಮಾಡೋರು ಇದಕ್ಕೂ ಉಸಿರು ಬಿಗಿಹಿಡಿದು 'ಏನೂ ಇಲ್ಲ' ಅಂತಾರೆ. ಇದೂ ವಾಸನೆಯೇ ಅಂತ ಅವರ ಲೆಕ್ಕ. ಸಿಕ್ಕಿಬೀಳೋದು ಅಲ್ಲೇ. ಈಕೆ ವಾಸನೆಗೆ ಇಲ್ಲ ಅಂದ್ಲು, ಉರಿಗೆ ಉರಿ ಅಂದ್ಲು. ನೀವು ಬಾಣಲೆಗೆ ಹಾಕಿಸಿದ ಮೆಣಸಿನಕಾಯಿ ಈಕೆಯ ಪರವಾಗೇ ಸಾಕ್ಷಿ ಹೇಳಿತ್ತು ಸಾಹೇಬ್ರೆ, ನಮಗೆ ಕೇಳಲಿಲ್ಲ."

ಅಧಿಕಾರಿ ತಾವೇ ಸೀಸೆ ಮೂಸಿ ಕಣ್ಣೊರೆಸಿಕೊಂಡರು. ವರದಿಯಲ್ಲಿ 'ಸುಳ್ಳು ಹೇಳಿದ್ದಾಳೆ' ಎಂದಿದ್ದ ಸಾಲಿನ ಮೇಲೆ ಗೆರೆ ಎಳೆದು ಸಹಿ ಮಾಡಿದರು. ಹುಲಿಗೆಮ್ಮ ಬಗ್ಗಿ ನೋಡಿ, "ಪೂರಾ ಹೊಡದ್ರೇನ್ರಿ? ಕಾಣಾಕತ್ತೈತಿ ಇನ್ನಾ" ಎಂದಳು. ಅವರು ಮತ್ತೊಂದು ಗೆರೆ ಎಳೆದರು.

ವಾಸನೆ ಮರಳಿ ಬರಲಿಲ್ಲ, ಕೆಲಸ ಮರಳಿ ಬಂತು. ಶಾಲೆಯ ಅಡುಗೆ ಕೋಣೆಗೆ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸಿದರು. ಒಲೆ ಹಚ್ಚುವುದು ಜೊತೆಯವಳು, ಅಡುಗೆ ಹುಲಿಗೆಮ್ಮನದು. ಉಪ್ಪು, ಹುಳಿ ನಾಲಿಗೆಗೆ ಗೊತ್ತಾಗುತ್ತದೆ. ಉಳಿದದ್ದಕ್ಕೆ, "ಸಾರು ಕುದಿಯೋದು ಕಿವೀಲೆ ಕೇಳ್ತೀನ್ರಿ" ಎನ್ನುತ್ತಾಳೆ. ಒಮ್ಮೆ ಹೋಗಿ ಉಂಡು ಬಂದೆ, ನನ್ನ ಮನೆಯ ಸಾರಿಗಿಂತ ಚೆನ್ನಾಗಿತ್ತು.

ನನ್ನ ಮೇಲೆ ಕೇಸೇನೂ ಬೀಳಲಿಲ್ಲ. ಬಿದ್ದಿದ್ದರೂ ಹೇಳುವುದನ್ನೇ ಹೇಳುತ್ತಿದ್ದೆ. ಈಗಲೂ ಕಿರಿಯ ಡಾಕ್ಟರುಗಳು ಹನ್ನೆರಡೂ ನಾರ್ಮಲ್ ಎಂದು ಬರೆದು ತಂದರೆ, "ಮೂಗಿಗೆ ಏನು ಹಿಡಿದಿದ್ರಿ?" ಎಂದು ಕೇಳುತ್ತೇನೆ. ತಲೆ ತಗ್ಗಿಸಿದರೆ ಕಾರ್ಡು ಹಿಂದಕ್ಕೆ ತಳ್ಳಿ, 'ನೋಡಿಲ್ಲ' ಎಂದು ಬರೆಸುತ್ತೇನೆ. ಹಾಗೆ ಬರೆದರೆ ಡಾಕ್ಟರ ಮಾನವೇನೂ ಹೋಗುವುದಿಲ್ಲ. ನೋಡದೆ ನಾರ್ಮಲ್ ಎಂದು ಬರೆದಾಗ ಮಾನ ಹೋದದ್ದು ಹುಲಿಗೆಮ್ಮನದು.