ದೂರ ಓಡುವವನ ಬೆಲೆ

ಚೆಂಡು ಎಂದ ಮೇಲೆ ಅದು ದುಂಡಗಿರಬೇಕು ಎಂಬುದು ನನ್ನ ಬಾಲ್ಯದ ದೃಢನಂಬಿಕೆಗಳಲ್ಲೊಂದು. ಉಳಿದ ನಂಬಿಕೆಗಳೆಲ್ಲ ಸಂಸಾರ, ಸಂಬಳ, ಸಕ್ಕರೆ ಕಾಯಿಲೆಗಳ ದೆಸೆಯಿಂದ ಒಂದೊಂದಾಗಿ ಕೈಬಿಟ್ಟು ಹೋದರೂ ಇದೊಂದು ಮಾತ್ರ ಐವತ್ತು ದಾಟಿದ ಮೇಲೂ ನಿಷ್ಠೆಯಿಂದ ಜೊತೆಗಿತ್ತು. ಅದನ್ನೂ ಕಿತ್ತುಕೊಂಡವನು ಲ್ಯಾನ್ಸಿ. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನವನು, ಮಂಗಳೂರಿನವನು, ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ನೇರವಾಗಿ ಸುಬಾಂಗ್ ಜಯಾದ ನಮ್ಮ ಬಡಾವಣೆಯ ಮೈದಾನಕ್ಕೆ ಬರುವ ಪುಣ್ಯಾತ್ಮ. ಒಂದು ಭಾನುವಾರ ಅವನು ಎರಡೂ ತುದಿ ಚೂಪಾದ, ಮಂಗಳೂರು ಸೌತೆಕಾಯಿಯನ್ನು ಹೋಲುವ ಕಂದು ಬಣ್ಣದ ವಸ್ತುವೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಇನ್ನು ಮೇಲೆ ಇದೇ ನಮ್ಮ ಚೆಂಡು ಎಂದು ಘೋಷಿಸಿದ. ನಿಲ್ಲಿಸಿದ್ದ ಕಾರುಗಳ ಗಾಜಿನ ಕಾರಣದಿಂದ ಬಡಾವಣೆಯವರು ನಮ್ಮ ಕ್ರಿಕೆಟ್ಟಿಗೆ ಆಗಷ್ಟೇ ಮಂಗಳ ಹಾಡಿದ್ದರಾದ್ದರಿಂದ ನಾವು ಅನಾಥರು. ಸಿಕ್ಕಿದ ಚೆಂಡನ್ನು ಸ್ವೀಕರಿಸಿದೆವು.

ಇದು ಅಮೆರಿಕದವರ ಫುಟ್‌ಬಾಲು. ಚೆಂಡಿಗೂ ಕಾಲಿಗೂ ಹೆಚ್ಚು ಕಡಿಮೆ ಸಂಬಂಧವೇ ಇಲ್ಲದ ಆಟಕ್ಕೆ ಈ ಹೆಸರಿಟ್ಟವರ ಧೈರ್ಯಕ್ಕೆ ನಮಸ್ಕಾರ ಹೇಳಬೇಕು. ಅಲ್ಲಿನವರು ಕವಚ ಶಿರಸ್ತ್ರಾಣ ತೊಟ್ಟು ಒಬ್ಬರನ್ನೊಬ್ಬರು ನೆಲಕ್ಕೆ ಕೆಡವುತ್ತಾರೆ. ನಾವು ಮಧುಮೇಹ, ಮಂಡಿನೋವು, ಮನೆಸಾಲಗಳನ್ನು ಹೊತ್ತ ಗೃಹಸ್ಥರಾದ್ದರಿಂದ ನಮ್ಮದು ಅದರ ಅಹಿಂಸಾ ರೂಪ: ಸೊಂಟದ ಎರಡು ಪಕ್ಕಕ್ಕೆ ಬಟ್ಟೆಯ ಪಟ್ಟಿಗಳನ್ನು ಸಿಕ್ಕಿಸಿಕೊಳ್ಳುವುದು, ಎದುರಾಳಿ ಅವುಗಳಲ್ಲೊಂದನ್ನು ಕಿತ್ತರೆ ನಾವು ಸಿಕ್ಕಿಬಿದ್ದಂತೆ, ಕೀಳಿಸಿಕೊಳ್ಳದೆ ಚೆಂಡಿನೊಂದಿಗೆ ಆ ತುದಿಯ ಗೆರೆ ದಾಟಿದರೆ ಅಂಕ. ನನ್ನ ಪಟ್ಟಿಗಳು ಹೊಟ್ಟೆಯ ನೆರಳಿನಲ್ಲಿ ಅಡಗಿ ಕೂರುತ್ತಿದ್ದುದರಿಂದ ಎದುರಾಳಿಗಳು ನನ್ನನ್ನು ಹಿಡಿಯುವುದಕ್ಕಿಂತ ಅವನ್ನು ಹುಡುಕುವುದರಲ್ಲಿಯೇ ಬಳಲುತ್ತಿದ್ದರು. ಆಟದಲ್ಲಿ ನನಗಿದ್ದ ಸಹಜ ಪ್ರತಿಭೆ ಅಷ್ಟೇ.

ತಂಡಕ್ಕೆ ಐದು ಜನ. ಚೆಂಡೆಸೆಯುವವರು ಮೈಸೂರಿನ ರಘುನಂದನ್. ಅವರ ಹತ್ತಿರದಲ್ಲೇ ನಿಂತು ಸಣ್ಣ ಎಸೆತಗಳನ್ನು ಹಿಡಿಯುವವನು ನಾನು. ಮೈದಾನದ ಅಂಚಿನಲ್ಲಿ ನಿಂತು, ಆಟ ಶುರುವಾದೊಡನೆ ಬಿಲ್ಲಿನಿಂದ ಬಿಟ್ಟ ಬಾಣದಂತೆ ಆ ತುದಿಗೆ ಓಡುವವನು ಧಾರವಾಡದ ಬಸವರಾಜ. ಉಳಿದಿಬ್ಬರಲ್ಲಿ ಒಬ್ಬ ಲ್ಯಾನ್ಸಿ, ಇನ್ನೊಬ್ಬರು ಆ ಭಾನುವಾರ ಯಾರು ಸಿಕ್ಕಿದರೆ ಅವರು. ಬಸವರಾಜ ಮೂವತ್ತರ ಆಸುಪಾಸಿನ, ಮಿತಭಾಷಿ, ಬ್ಯಾಂಕುಗಳ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸದವನು. ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂಬ ಸಂಶಯ ಬರುವಂತೆ ಓಡುತ್ತಿದ್ದ. ದೂರದ ಎಸೆತಕ್ಕಾಗಿ ಹೀಗೆ ಓಡುವವನನ್ನು ಆ ಆಟದ ಭಾಷೆಯಲ್ಲಿ ‘ಡೀಪ್ ಥ್ರೆಟ್’, ಅಂದರೆ ದೂರದ ಬೆದರಿಕೆ, ಎನ್ನುತ್ತಾರೆಂದು ಲ್ಯಾನ್ಸಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಸೊಳ್ಳೆಯನ್ನೂ ‘ಸರೀರಿ’ ಎಂದು ಬಹುವಚನದಲ್ಲಿ ಓಡಿಸುವ ಬಸವರಾಜ ಯಾರಿಗೆ ಬೆದರಿಕೆ ಹಾಕಿಯಾನು?

ಮೊದಲ ಕೆಲವು ತಿಂಗಳು ನಾವು ಸೋತದ್ದು ಶಕ್ತಿಯ ಕೊರತೆಯಿಂದಲ್ಲ, ದಾಕ್ಷಿಣ್ಯದ ಅತಿರೇಕದಿಂದ. ರಘುನಂದನ್ ಅವರು ಉಪಚಾರದ ಮನೆತನದವರು. ಅವರ ಮನೆಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಬೆರಳ ಸಂದಿನಿಂದಲಾದರೂ ಹೋಳಿಗೆ ಎಲೆಗೆ ಬೀಳುತ್ತದೆ. ಅಂಥವರು, ಒಬ್ಬ ಮನುಷ್ಯ ತನಗಾಗಿ ಅಷ್ಟು ದೂರ ಓಡಿಹೋಗಿ ಕಾದಿರುವಾಗ, ಹತ್ತಿರ ಖಾಲಿ ನಿಂತ ನನಗೆ ಚೆಂಡು ಕೊಟ್ಟಾರೆಯೆ?

“ಪಾಪ, ಅಷ್ಟು ದೂರ ಓಡಿದಾರೆ ಕಣ್ರೀ. ಹಾಕದೆ ಇದ್ರೆ ಏನಂದ್ಕೋತಾರೆ?” ಎನ್ನುತ್ತಿದ್ದರು.

ಹೀಗೆ ಪ್ರತಿ ಬಾರಿಯೂ ಚೆಂಡು ಆ ದಿಕ್ಕಿಗೆ ಹೊರಡುತ್ತಿತ್ತು. ಆದರೆ ರಘುನಂದನ್ ಅವರ ತೋಳಿಗೆ ಅವರ ಹೃದಯದಷ್ಟು ವೈಶಾಲ್ಯವಿರಲಿಲ್ಲ. ಅರ್ಧ ದಾರಿಯಲ್ಲಿ ಎದುರಾಳಿಯ ಕೈಗೋ, ಅದು ತಪ್ಪಿದರೆ ಮೈದಾನದ ಪಕ್ಕದ ದೊಡ್ಡ ಚರಂಡಿಗೋ ಬೀಳುತ್ತಿತ್ತು. ಬಸವರಾಜ ತಿರುಗಿ ತಿರುಗಿ ನೋಡುತ್ತ, ಕೈ ಚಾಚಿಕೊಂಡು, ಬಾರದ ಚೆಂಡಿಗೆ ಕಾದು ನಿಂತಿರುತ್ತಿದ್ದ. ಕಲ್ಲುಬೆಂಚಿನ ಮೇಲೆ ಕೂತ ಅವನ ಹೆಂಡತಿ ಶೋಭಾ, ಧಾರವಾಡದ ಅತ್ತೆಗೆ ವಿಡಿಯೊ ಕಳಿಸಲೆಂದು ಪ್ರತಿ ಓಟಕ್ಕೂ ಫೋನು ಎತ್ತಿ ಹಿಡಿದು, ಮತ್ತೆ ಇಳಿಸುತ್ತಿದ್ದಳು.

ಆಟ ಮುಗಿದ ಮೇಲೆ ಮಾಮಕ್ ಅಂಗಡಿಯಲ್ಲಿ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಚಹಾ ಹಾಗೂ ನಮ್ಮ ಪರೋಟದ ತಮ್ಮನಾದ ರೋಟಿ ಚನಾಯಿಯ ಸಾಕ್ಷಿಯಾಗಿ ಸೋಲಿನ ವಿಮರ್ಶೆ. ಇಂಥ ದೂರದ ಓಟಗಾರ ನಮಗೆ ಬೇಕೆ ಎಂಬುದು ಅಲ್ಲಿನ ಅಖಂಡ ಚರ್ಚೆ. ನಾನು ಪೂರ್ವಪಕ್ಷ. ಐವರಲ್ಲಿ ಒಬ್ಬನನ್ನು ಬರಿದೇ ಓಡಲು ಬಿಡುವುದು ಐಷಾರಾಮ. ವೇಗದ ಕಾಲಿಗಿಂತ ನಂಬಿಕೆಯ ಕೈ ಮೇಲು. ಬೆಟ್ಟ ಅಗೆದು ಇಲಿ ಹಿಡಿಯುವ ಕೆಲಸ ನಮಗೇಕೆ ಎಂದು ನಾನು ರೋಟಿ ಹರಿಯುತ್ತ ಪ್ರತಿಪಾದಿಸುತ್ತಿದ್ದೆ. ಓಡಲಾರದವರು ಓಟದ ಬಗ್ಗೆ ತಳೆಯುವ ತಾತ್ವಿಕ ನಿಲುವು ಇದೇ ಎಂಬುದನ್ನು ಜಾಣ ಓದುಗರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿನವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಲು ಕಲಿತಿದ್ದ ಲ್ಯಾನ್ಸಿಯ ಸಿದ್ಧಾಂತ ಬೇರೆ. “ಎಂತ ಮಾರಾಯ್ರೆ, ಅವ ಓಡಿದ್ರೆ ಅವರಲ್ಲಿ ಇಬ್ಬರು ಅವನ ಹಿಂದೆ ಓಡ್ತಾರೆ. ಇಲ್ಲಿ ಜಾಗ ಖಾಲಿ ಆಗ್ತದೆ. ಚೆಂಡು ನಿಮಗೆ ಹಾಕಿದ್ರೆ ಆಯ್ತು ಲಾ. ಅವನ ಬೆಲೆ ಇರುದು ಚೆಂಡು ಹಿಡಿಯುದರಲ್ಲಿ ಅಲ್ಲ, ಓಡುದರಲ್ಲಿ.” ಆಮೇಲೆ ಇನ್ನೊಂದು ಮಾತು ಸೇರಿಸಿದ: “ಆದ್ರೆ ಒಮ್ಮೊಮ್ಮೆ ಅವನಿಗೂ ಹಾಕ್ಬೇಕು. ಇಲ್ಲಾಂದ್ರೆ ಹೆದರಿಕೆ ಇರುದಿಲ್ಲ.” ಮೊದಲರ್ಧ ನನಗೆ ಅನುಕೂಲವಾಗಿತ್ತಾದ್ದರಿಂದ ಚೆನ್ನಾಗಿ ಕೇಳಿಸಿತು, ಉತ್ತರಾರ್ಧ ಬರುವ ಹೊತ್ತಿಗೆ ಇನ್ನೊಂದು ಚಹಾಕ್ಕೆ ಹೇಳುತ್ತಿದ್ದೆ. ಈ ಚರ್ಚೆಯುದ್ದಕ್ಕೂ ಬಸವರಾಜ ಮೇಜಿನ ತುದಿಯಲ್ಲಿ ಕೂತು, ಯಾರೋ ಪರಸ್ಥಳದವರ ವಿಚಾರ ನಡೆದಿದೆಯೆಂಬಂತೆ ಆಲಿಸುತ್ತಿದ್ದ. ನಿನಗೇನನ್ನಿಸುತ್ತದೆ ಎಂದು ಅವನನ್ನು ಕೇಳುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ರಘುನಂದನ್ ಅವರ ದಾಕ್ಷಿಣ್ಯವನ್ನು ಬಿಡಿಸುವುದು ಸುಲಭವಿರಲಿಲ್ಲ, ಆದರೆ ಬಿಡಿಸಿದೆವು. ಆಮೇಲಿನದು ನಮ್ಮ ಸುವರ್ಣಯುಗ. ಬಸವರಾಜ ಓಡುವನು, ಪೆಟಾಲಿಂಗ್ ಜಯಾ ತಂಡದ ಇಬ್ಬರು ತರುಣರು ಏದುಸಿರು ಬಿಡುತ್ತ ಅವನ ಹಿಂದೆ, ಇತ್ತ ವಿಶಾಲ ಬಯಲಿನಲ್ಲಿ ನಾನೊಬ್ಬನೇ, ಚೆಂಡು ತಾನಾಗಿ ನನ್ನ ಮಡಿಲಿಗೆ. ಭಾನುವಾರದ ಮೇಲೆ ಭಾನುವಾರ ಗೆದ್ದೆವು. ಈ ವಯಸ್ಸಿನಲ್ಲಿ ಕೀರ್ತಿ ಬಂದರೆ ಅದು ನೇರವಾಗಿ ತಲೆಗೇ ಏರುತ್ತದೆ. ಕಚೇರಿಯಲ್ಲಿ ನನ್ನ ‘ಕೈಗುಣ’ದ ಬಗ್ಗೆ ನಾನೇ ಮಾತು ತೆಗೆಯತೊಡಗಿದೆ. ಒಂದು ದಿನ ಆಟ ನೋಡಲು ಬಂದ ನನ್ನ ಹೆಂಡತಿ ಸುಮಾ ಮಾತ್ರ, “ನಿಮ್ಮ ಹತ್ರ ಯಾರೂ ಇರ್ಲೇ ಇಲ್ವಲ್ಲಾ, ಹಿಡೀದೆ ಇನ್ನೇನ್ ಮಾಡ್ತೀರ?” ಎಂದು ನನ್ನ ಕಿರೀಟವನ್ನು ಕೆಳಗಿಳಿಸಿ ಇಟ್ಟಳು. ಶೋಭಾಳ ಫೋನು ಕ್ರಮೇಣ ಚೀಲದಿಂದ ಹೊರಗೆ ಬರುವುದನ್ನು ನಿಲ್ಲಿಸಿತ್ತು.

ಮಗು ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುತ್ತಾರೆ. ಆದರೆ ನಮ್ಮ ಪಂಕ್ತಿಯ ಸಂಪ್ರದಾಯ ಇದಕ್ಕೆ ನೇರ ವಿರುದ್ಧ: ಉಣ್ಣುವವನು ಬಾಯಿಬಿಟ್ಟು ಕೇಳಕೂಡದು, ಬಡಿಸುವವನೇ ಖಾಲಿ ಎಲೆಯನ್ನು ಕಾಣಬೇಕು. ಬಸವರಾಜ ಆ ಸಂಪ್ರದಾಯದವನು. ಬಡಿಸುವವರಾದ ನಾವು ಆ ಸಾಲಿನ ಕೊನೆಯವರೆಗೆ ಹೋಗುವುದನ್ನೇ ಬಿಟ್ಟಿದ್ದೆವು. ಇದನ್ನು ಬರೆಯುವಾಗ ಈಗಲೂ ಮನಸ್ಸಿಗೆ ಪಿಚ್ಚೆನಿಸುತ್ತದೆ.

ಎಂದೂ ಕಾರ್ಯಕ್ಕೆ ಬಾರದ ಬೆದರಿಕೆಗೆ ಎಷ್ಟು ದಿನ ಯಾರು ಹೆದರುತ್ತಾರೆ? ಎದುರಾಳಿಗಳಲ್ಲಿ ಕುಮಾರ್ ಎಂಬ ತಮಿಳು ತರುಣನಿದ್ದ. ಬಸವರಾಜನ ಬೆನ್ನಟ್ಟುವುದು ಅವನ ಕೆಲಸ. ಒಂದು ಭಾನುವಾರ ಅವನು ಓಡದೆ ನನ್ನ ಪಕ್ಕದಲ್ಲೇ ಬಂದು ನಿಂತ. ಯಾಕಪ್ಪಾ ಎಂದರೆ, “ಅವರುಕ್ಕು ಬಾಲ್ ವರಾದು ಲಾ, ಅಂಕಲ್” ಎಂದ. ಅವರಿಗೆ ಚೆಂಡು ಬರುವುದೇ ಇಲ್ಲವಂತೆ. ಅಲ್ಲಿಂದ ಮುಂದೆ ಬಸವರಾಜನ ಹಿಂದೆ ಯಾರೂ ಹೋಗಲಿಲ್ಲ. ಇತ್ತ ನನ್ನ ಸುತ್ತ ಸಂತೆ ನೆರೆದು, ನನ್ನ ಕೈಗುಣ ಒಂದೇ ದಿನದಲ್ಲಿ ಮಾಯವಾಯಿತು. ಅತ್ತ ಅವನು ಖಾಲಿ ಮೈದಾನದಲ್ಲಿ ಒಬ್ಬನೇ, ಅದೇ ವೇಗದಲ್ಲಿ, ಆ ತುದಿಯವರೆಗೆ ಓಡಿ, ನಡೆದು ಹಿಂದಿರುಗುತ್ತಿದ್ದ. ಅಟ್ಟಿಸಿಕೊಂಡು ಬರುವವರೂ ಇಲ್ಲದ ಆ ಓಟವನ್ನು ನೋಡುವುದು ಕಷ್ಟವಾಗುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು: ಅವನ ಕಂಪನಿಯ ಇಲ್ಲಿನ ಕೆಲಸ ಮುಗಿಯಿತು, ಮುಂದಿನದು ಪೋಲೆಂಡಿನಲ್ಲಿ, ತಿಂಗಳ ಕೊನೆಗೆ ಪ್ರಯಾಣ. ಅವನಿಲ್ಲದಾಗ ನಾವು ಮೂವರೂ ಸೇರಿ ತೀರ್ಮಾನಿಸಿದೆವು: ಕೊನೆಯ ಭಾನುವಾರ ಅವನಿಗೊಂದು ಚೆಂಡು. ಬಂದವರು ಬರಿಗೈಯಲ್ಲಿ ಹೋಗಬಾರದು. ರಘುನಂದನ್ ಅವರು ಸಂಜೆಗಳಲ್ಲಿ ಲ್ಯಾನ್ಸಿಯ ಜೊತೆ ದೂರದ ಎಸೆತವನ್ನು ಅಭ್ಯಾಸ ಮಾಡಿ, ಭುಜಕ್ಕೆ ನೋವಿನೆಣ್ಣೆ ಹಚ್ಚಿಕೊಂಡು ಮಲಗಿದರು. ವಿಷಯವನ್ನು ಬಸವರಾಜನಿಗೆ ಹೇಳುವುದೋ ಬೇಡವೋ ಎಂಬ ಪ್ರಶ್ನೆ ಎದ್ದಾಗ ಅವರೇ, “ಹೇಳ್ಬಿಟ್ರೆ ದಾನ ಕೊಟ್ಟ ಹಾಗಾಗುತ್ತೆ ಕಣ್ರೀ. ತಾನಾಗೇ ಬಂದ ಹಾಗಿರ್ಲಿ” ಎಂದರು. ಎಂಥ ಸೂಕ್ಷ್ಮ ಎಂದು ನಾವು ತಲೆದೂಗಿದೆವು. ಇವತ್ತು ಫೋನು ಹೊರಗಿಟ್ಟುಕೊಂಡಿರು ಎಂದು ಸುಮಾ ಶೋಭಾಳಿಗೆ ಹೇಳಿದಳು. ಯಾಕೆಂದು ಅವಳೂ ಹೇಳಲಿಲ್ಲ.

ಆ ಭಾನುವಾರ ಆಟ ಸಮಸಮವಾಗಿ ಸಾಗಿ, ಮುಗಿಯಲು ಸ್ವಲ್ಪವೇ ಉಳಿದಿತ್ತು. ಬಸವರಾಜ ಎಂದಿನಂತೆ ಹೊರಟ. ಯಾರೂ ಅವನ ಹಿಂದೆ ಹೋಗಲಿಲ್ಲ. ರಘುನಂದನ್ ಅವರು ಎರಡು ಹೆಜ್ಜೆ ಹಿಂದೆ ಸರಿದು ಎಸೆದರು. ಓದುಗರೇ, ಆ ಎಸೆತವನ್ನು ನೀವು ನೋಡಬೇಕಿತ್ತು. ನಮ್ಮೆಲ್ಲರ ತಲೆಯ ಮೇಲಿಂದ ಅದು ಒಂದಿಷ್ಟೂ ತೊನೆಯದೆ ತಿರುಗುತ್ತ ಹೋಗಿ, ಅವನು ಎಲ್ಲಿರುತ್ತಾನೋ ಅಲ್ಲಿಗೇ ಇಳಿಯತೊಡಗಿತು. “ಬಸವರಾಜ್!” ಎಂದು ಎಲ್ಲರೂ ಕೂಗಿದೆವು. ಅವನು ನಮ್ಮದು ಹುರಿದುಂಬಿಸುವ ಕೂಗೆಂದು ತಿಳಿದು, ಒಂದು ಕೈ ಎತ್ತಿ, ಇನ್ನೂ ಜೋರಾಗಿ ಓಡಿದ. ತಿರುಗಿ ನೋಡಲೇ ಇಲ್ಲ. ಚೆಂಡು ಅವನ ಭುಜದ ಪಕ್ಕದಲ್ಲೇ ಇಳಿದು ಹುಲ್ಲಿಗೆ ಬಿತ್ತು. ಕೈ ಚಾಚಿದ್ದರೆ ಸಾಕಿತ್ತು.

ಗೆರೆ ದಾಟಿದ ಮೇಲೆ ಅವನು ನಿಂತು, ಹಿಂದಿರುಗಿ, ಹುಲ್ಲಿನ ಮೇಲಿದ್ದ ಚೆಂಡನ್ನು ನೋಡಿದ. ಆಮೇಲೆ ನಮ್ಮನ್ನು ನೋಡಿದ. ಅಷ್ಟು ದೂರದಿಂದ ಅವನ ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು.

ಇನ್ನೊಮ್ಮೆ ಹಾಕೋಣವೆಂದರೆ ಎದುರಾಳಿಗಳು ಎಚ್ಚೆತ್ತಿದ್ದರು. ಈ ಸಲ ಕುಮಾರನೂ ಮತ್ತಿಬ್ಬರೂ ಅವನ ಬೆನ್ನು ಬಿಡದೆ ಓಡಿದರು. ಲ್ಯಾನ್ಸಿಯ ಸಿದ್ಧಾಂತ ಅಕ್ಷರಶಃ ನಿಜವಾಯಿತು: ನನ್ನ ಸುತ್ತ ಯಾರೂ ಇರಲಿಲ್ಲ, ಚೆಂಡು ನನಗೇ ಬಂತು, ಹಿಡಿದೆ, ಗೆರೆ ದಾಟಿದೆ, ಗೆದ್ದೆವು. ಮೊದಲು ಓಡಿಬಂದು ನನ್ನ ಬೆನ್ನು ತಟ್ಟಿದವನು ಬಸವರಾಜನೇ.

ಮಾಮಕ್ ಅಂಗಡಿಯಲ್ಲಿ ಆ ದಿನ ಯಾರೂ ಚರ್ಚೆ ತೆಗೆಯಲಿಲ್ಲ. ಶೋಭಾ ಫೋನಿನಲ್ಲಿ ಹಿಡಿದದ್ದನ್ನು ಸುಮಾಳಿಗೆ ತೋರಿಸುತ್ತಿದ್ದಳು. ಅವಳು ಗಂಡನನ್ನಷ್ಟೇ ಹಿಡಿದಿದ್ದಳು. ಅದರಲ್ಲಿ ಚೆಂಡು ಕಾಣುವುದು ಕೊನೆಯಲ್ಲಿ, ನೆಲಕ್ಕೆ ಬಿದ್ದಾಗ. ಅಳಿಸಿಬಿಡಮ್ಮ ಎಂದು ನಾನು ಹೇಳಿದ್ದಕ್ಕೆ, “ಯಾಕ್ರೀ? ಎಷ್ಟ್ ಛಂದ ಓಡ್ಯಾರ ನೋಡ್ರಿ” ಎಂದಳು.

ನನಗೆ ತಡೆಯಲಾಗಲಿಲ್ಲ. ಯಾಕೆ ತಿರುಗಿ ನೋಡಲಿಲ್ಲ ಬಸವರಾಜ್, ಎಂದು ಕೇಳಿಯೇಬಿಟ್ಟೆ. ನಾನು ಅವನನ್ನು ಆಟದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಅವನು ರೋಟಿಯ ತುಂಡನ್ನು ಸಾರಿನಲ್ಲಿ ಅದ್ದಿಕೊಂಡೇ ಯೋಚಿಸಿದ. “ಮೊದ್ಲ ನೋಡ್ತಿದ್ದೆ ರೀ ಸರ. ಹೊಳ್ಳಿ ಹೊಳ್ಳಿ ನೋಡಿದ್ರ ಓಟ ಕಡಿಮಿ ಆಗ್ತದ. ಚೆಂಡ್ ಬರೂದಿಲ್ಲ ಅಂತ ಗೊತ್ತಾದ್ ಮ್ಯಾಲೆ, ನಿಮಗಾರ ಜಾಗ ಸಿಗ್ಲಿ ಅಂತ ಸುಮ್ನ ಮುಂದ ನೋಡಿ ಓಡೂದು ರೂಢಿ ಮಾಡ್ಕೊಂಡೆ.” ಅವನ ದನಿಯಲ್ಲಿ ದೂರು ಇರಲಿಲ್ಲ, ನಗುತ್ತಲೇ ಇದ್ದ. “ಇವತ್ತ್ ಒಗಿತೀವಿ ಅಂತ ಒಂದ್ ಮಾತ್ ಹೇಳಿದ್ರ ಹೊಳ್ಳಿ ನೋಡ್ತಿದ್ನಲ್ರೀ.”

ರಘುನಂದನ್ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಒಂದು ಮಾತು ಹೇಳುವುದಕ್ಕೆ ನಮ್ಮ ಕೈಯಲ್ಲಿ ಎಷ್ಟೊಂದು ಭಾನುವಾರಗಳಿದ್ದವು.