ಸುದ್ದಿ ತರುತ್ತಿದ್ದ ಮಾವ

ಮಾವನ ಪಂಚೆಯ ಬಲಗಡೆ ಅಂಚು ಸದಾ ಕಪ್ಪು. ಸೈಕಲ್ ಚೈನಿನ ಎಣ್ಣೆ ಹತ್ತಿ ಹತ್ತಿ, ಹೆಂಡತಿ ಎಷ್ಟು ತಿಕ್ಕಿದರೂ ಬಿಡದ ಕರೆಯಾಗಿತ್ತು.

ಅವರು ನನ್ನವ್ವನ ಚಿಕ್ಕಪ್ಪನ ಮಗ. ಸೊರಬದ ಕಡೆ, ಕ್ಯಾಸನೂರಿನ ಹತ್ತಿರದ ನಮ್ಮೂರಿನಲ್ಲಿ ಆಗ ಸೈಕಲ್ ಇದ್ದದ್ದು ಅವರೊಬ್ಬರಿಗೇ. ಹಾಗಾಗಿ ಊರಲ್ಲಿ ಯಾರೇ ತೀರಿಕೊಂಡರೂ, ದೂರಕ್ಕೆ ಕೊಟ್ಟ ಹೆಣ್ಣುಮಕ್ಕಳಿಗೆ ಸುದ್ದಿ ಮುಟ್ಟಿಸುವ ಕೆಲಸ ಅವರ ತಲೆಗೆ ಬಂದಿತ್ತು.

ನಮ್ಮಲ್ಲಿ ಸಾವಿನ ಸುದ್ದಿ ತಂದವನು ಹೊಸಿಲು ದಾಟಬಾರದು, ನೀರು ಕುಡಿಯಬಾರದು. ಹೊರಗೇ ನಿಂತು ಹೇಳಿ ತಿರುಗಿ ನೋಡದೆ ಹೋಗಬೇಕು. ಮಾವ ಮಾತ್ರ ಒಳಗೆ ಬಂದು ಕೂರುತ್ತಿದ್ದರು. ಮಜ್ಜಿಗೆ ಕೇಳುತ್ತಿದ್ದರು. ಮನೆಯವರ ಊಟವಾದ ಮೇಲೆಯೇ ಬಾಯಿ ಬಿಡುತ್ತಿದ್ದರು.

"ರೀತಿ ರಿವಾಜು ಗೊತ್ತಿಲ್ವೇನೋ ನಿಂಗೆ?" ಎಂದು ನನ್ನಜ್ಜ ಬೈದಾಗ ಅವರು ಹೇಳಿದ್ದು ನೆನಪಿದೆ: "ಗೊತ್ತದೆ ದೊಡ್ಡಪ್ಪಾ. ಸುದ್ದಿ ಕೇಳಿದ್ಮೇಲೆ ಆ ಮನೇಲಿ ಒಲೆ ಹತ್ತಲ್ಲ. ಅವ್ರು ಮತ್ತೆ ಉಣ್ಣೋದು ನಾಳೆಯೋ ನಾಡಿದ್ದೋ. ಒಂದು ತುತ್ತು ಒಳಗೆ ಹೋಗ್ಲಿ. ಬರೋ ಪಾಪ ನಂಗೇ ಬರ್ಲಿ."

ಬಳ್ಳಿಗಾವಿಯ ಒಬ್ಬ ಹೆಂಗಸಿಗೆ ಅವಳ ಅಕ್ಕ ತೀರಿಕೊಂಡದ್ದನ್ನು ಹೇಳಲು ಹೋದಾಗ ಅವಳು ಬಾವಿಯಲ್ಲಿ ನೀರು ಸೇದುತ್ತಿದ್ದಳಂತೆ. ಇವರು ಹಗ್ಗ ಕಿತ್ತುಕೊಂಡು ಎರಡು ಕೊಡ ತಾವೇ ಸೇದಿ, ಮನೆಯವರೆಗೂ ಹೊತ್ತು ಇಳಿಸಿ, ಆಮೇಲೆ ಹೇಳಿದರಂತೆ. "ಕೊಡ ಹೊತ್ತೋಳಿಗೆ ಹೇಳಿದ್ರೆ ಕೊಡ ಬೀಳ್ತದೆ. ಆಮೇಲೆ ಸಾಯೋವರ್ಗೂ ಆ ಕೊಡದ ಸದ್ದೇ ಕೇಳ್ತಿರ್ತದೆ ಅವ್ಳಿಗೆ."

'ಇವನು ಸಾವಿಗೆ ಮಾತ್ರ ಬರ್ತಾನೆ' ಅನ್ನಿಸಬಾರದೆಂದು, ಏನೂ ಕೆಲಸವಿಲ್ಲದಾಗಲೂ ಸೌತೆಕಾಯಿ ಕಟ್ಟಿಕೊಂಡು ಎಲ್ಲರ ಮನೆಗೂ ಬಂದುಹೋಗುತ್ತಿದ್ದರು. ಅದಕ್ಕೇ ಅವರ ಬೆಲ್ಲು ಕೇಳಿದರೆ ಯಾರ ಎದೆಯೂ ಹೊಡೆದುಕೊಳ್ಳುತ್ತಿರಲಿಲ್ಲ.

ನನ್ನನ್ನು ಶಿಕಾರಿಪುರಕ್ಕೆ ಕೊಟ್ಟಿದ್ದರು. ಐವತ್ತೇಳರ ಬೇಸಿಗೆ, ಮಗಳಿಗೆ ಮೂರು ತಿಂಗಳು. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಕಾಡಿಗೆ ಹೋದವರು ಜ್ವರ ಬಂದು ಮಲಗುತ್ತಿದ್ದಾರೆ ಎಂಬ ಮಾತು ನಮ್ಮವರೆಗೂ ಬಂದಿತ್ತು. ಅಪ್ಪನೂ ತರಗೆಲೆ ತರಲು ಕಾಡಿಗೆ ಹೋಗುವವನೇ. ಆದರೆ ಅವನು ಮಲಗಿದ್ದಾನೆಂದು ನನಗೆ ಯಾರೂ ಹೇಳಿ ಕಳಿಸಿರಲಿಲ್ಲ.

ಒಂದು ದಿನ ಹನ್ನೊಂದು ಗಂಟೆಗೆ ಮಾವ ಬಂದರು.

"ಏನ್ರೀ ಬೀಗ್ರೆ, ಈ ಸಲ ಬರಿಗೈಲಿ ಬಂದೀರಲ್ಲ?" ಎಂದು ನನ್ನತ್ತೆ ನಗಾಡಿದರು.

"ಬಳ್ಳಿ ಒಣಗೋಯ್ತು ಕಣಮ್ಮಾ," ಎಂದರು ಮಾವ. ನನ್ನ ಕಡೆ ತಿರುಗಿ, "ಉಂಡ್ಯಾ ಮಗಾ?"

"ಇಲ್ಲ ಮಾವ."

"ಉಣ್ಣು. ಮಗೂಗೂ ಹಾಲು ಕೊಡು."

ಉಂಡೆ. ಹಾಲು ಕೊಟ್ಟೆ. ಮಗು ಮಲಗಿತು. ಅವರು ತಮ್ಮ ತಟ್ಟೆಯ ರೊಟ್ಟಿಯನ್ನು ಮುರಿಯುತ್ತಲೇ ಕೂತಿದ್ದರು, ಬಾಯಿಗಿಡಲಿಲ್ಲ. ಹನ್ನೆರಡರ ಸೊರಬದ ಬಸ್ಸು ನಮ್ಮ ಮನೆ ಮುಂದೆಯೇ ಹಾರನ್ ಹೊಡೆದುಕೊಂಡು ಹೋಯಿತು. ಧೂಳು ಇಳಿಯುವವರೆಗೂ ರಸ್ತೆ ನೋಡಿದರು. ಆಮೇಲೆ ಎದ್ದು ಹೊಸಿಲಿನಾಚೆ ಹೋಗಿ, ನನಗೆ ಬೆನ್ನು ಮಾಡಿ ನಿಂತರು.

"ಮಗಾ, ಭಾವ ಹೋದ್ರು. ನಿಮ್ಮಪ್ಪ."

ಮುಂದಿನ ಬಸ್ಸು ನಾಲ್ಕಕ್ಕೆ. ನಾನು ಊರು ಮುಟ್ಟಿದಾಗ ಕತ್ತಲಾಗುತ್ತಿತ್ತು. ಜ್ವರದ ಹೆಣ ಇಟ್ಟುಕೊಳ್ಳಲು ಊರಿಗೆ ಹೆದರಿಕೆ. ಆದರೂ ಮಧ್ಯಾಹ್ನದ ಬಸ್ಸಿನವರೆಗೆ ನನಗಾಗಿ ಕಾದರಂತೆ. ನಾನು ನೋಡಿದ್ದು ಕೆಂಡ.

ಎರಡು ವರ್ಷ ನಾನು ಮಾವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಬಂದರೆ ಕಾಫಿ ಇಟ್ಟು ಒಳಗೆ ಹೋಗುತ್ತಿದ್ದೆ. ಅತ್ತೆ ತಿಳಿಹೇಳುತ್ತಿದ್ದರು: "ಅವ್ರು ಮಂದಿ ಮನಸ್ಸು ಬಲ್ಲೋರು. ಬಾಣಂತಿ ಆ ಹೆಣ ನೋಡಬಾರ್ದು ಅಂತ್ಲೇ ತಡ ಮಾಡ್ಯಾರೆ." ಕೇಳಿ ಕೇಳಿ ನಾನೂ ಹಾಗೇ ನಂಬಲು ನೋಡಿದೆ. ಆಗಲಿಲ್ಲ. ಕೊನೆಗೆ ಒಂದು ಸಲ ಅವರನ್ನೇ ಕೇಳಿಬಿಟ್ಟೆ: "ಬೇಕಂತ್ಲೇ ಬಸ್ಸು ತಪ್ಸಿದ್ರಾ ಮಾವ?"

ಅವರು ಲೋಟ ಕೆಳಗಿಟ್ಟರು.

"ಹೌದು ಅಂದ್ರೆ ನಿಂಗೆ ಸಮಾಧಾನ, ನಂಗೂ ಮರ್ಯಾದೆ. ಆದ್ರೆ ಅಲ್ಲ ಮಗಾ. ಉಂಡ್ಮೇಲೆ ಹೇಳ್ಬೇಕು ಅಂತಿದ್ದೆ. ನೀನು ಉಂಡೆ. ಮಗು ಮಲಗ್ತು. ಬಾಯೇ ಬರ್ಲಿಲ್ಲ. ಬಸ್ಸು ಹೋಗೋದು ನೋಡ್ತಾ ನೋಡ್ತಾ ಕೂತಿದ್ದೆ. ಭಾವನ ಕಣ್ಣು ಮುಚ್ಚಿದ್ದು ಈ ಕೈಯೇ. ಸೈಕಲ್ ಹತ್ತಿ ಹೋಗು ಅಂದ್ರು, ಹೊರಟೆ."

ಭಾವನನ್ನು ಕಳೆದುಕೊಂಡವರು ಅವರು ಕೂಡ ಎನ್ನುವುದು ಎರಡು ವರ್ಷ ನನ್ನ ತಲೆಗೇ ಹೊಳೆದಿರಲಿಲ್ಲ. ಆಗ ಏನಾದರೂ ಹೇಳಬೇಕಿತ್ತು. ಎಂಥ ಹೊತ್ತಿನಲ್ಲೂ ಎಂಥವರಿಗೂ ಮಾತು ಹುಡುಕಿಕೊಟ್ಟವರ ಎದುರು ನಾನು ಸೆರಗಿನ ದಾರ ಎಳೆಯುತ್ತ ನಿಂತೆ. ಅವರು ಸೈಕಲ್ ಹತ್ತಿ ಹೋದರು.

ಆ ಚಳಿಗಾಲದಲ್ಲೇ ಮಾವ ತೀರಿಕೊಂಡರು. ಸುದ್ದಿ ತಂದವನು ಹೊರಗೇ ನಿಂತು ಒಂದೇ ಉಸಿರಿಗೆ ಹೇಳಿ ಹೋದ. ನನಗೆ ಹನ್ನೆರಡರ ಬಸ್ಸು ಸಿಕ್ಕಿತು. ಮುಖ ನೋಡಲು ಸಿಕ್ಕಿತು. ಬಗ್ಗಿ ಕಿವಿಯ ಹತ್ತಿರ, "ಸಿಟ್ಟಿಲ್ಲ ಮಾವ, ನಂಗೆ ಸಿಟ್ಟಿಲ್ಲ" ಎಂದು ಹೇಳುತ್ತಲೇ ಇದ್ದೆ. ಯಾರೋ ಬಂದು, "ಸಾಕು ಏಳಮ್ಮಾ, ಹೊತ್ತಾಯ್ತು," ಎಂದು ನನ್ನ ತೋಳು ಹಿಡಿದು ಎಬ್ಬಿಸಿದರು.